ಪಿ.ಯು.ಸಿ. ಮುಗಿದ ಮೇಲೆ ಒಂದು ವರ್ಷ ಸಂಶೋಧನೆಗೆ ಕೊಟ್ಟರೆ?

ದ್ವಿತೀಯ ಪಿ.ಯು.ಸಿ. ಫಲಿತಾಂಶ ಬಂದ ವಾರ ಭದ್ರಾವತಿಯ ಜನ್ನಾಪುರದಂಥ ಬಡಾವಣೆಯಲ್ಲಿ ಮನೆಮನೆಯಲ್ಲೂ ಏಳುವ ಪ್ರಶ್ನೆ ‘ಮುಂದೇನು?’ ಎಂಬುದು. ಉತ್ತರಗಳೇನೂ ಹೆಚ್ಚಿಲ್ಲ. ಸೀಟು ಸಿಕ್ಕರೆ ಮೆಡಿಕಲ್ಲು, ಇಲ್ಲವೇ ಎಂಜಿನಿಯರಿಂಗು. ಸಿಗದಿದ್ದರೆ ಇನ್ನೊಂದು ವರ್ಷ ಕೋಚಿಂಗು. ಈ ಕೋಚಿಂಗಿಗೆ ‘ಲಾಂಗ್ ಟರ್ಮ್’ ಎಂಬ ಗೌರವದ ಹೆಸರೂ ಇದೆ. ಹುಡುಗ ಅಥವಾ ಹುಡುಗಿ ಹಾಸ್ಟೆಲಿನ ಕೋಣೆಯೊಂದರಲ್ಲಿ ಕುಳಿತು, ಓದಿದ್ದನ್ನೇ ಮತ್ತೆ ಓದುವ ಆ ವರ್ಷವನ್ನು ಯಾರೂ ‘ಹಾಳಾದ ವರ್ಷ’ ಎನ್ನುವುದಿಲ್ಲ. ಅದಕ್ಕಾಗಿ ಸಾಲ ಮಾಡುವ ತಂದೆತಾಯಿಗಳೂ ಉಂಟು. ಅದೇ ಮಗು ‘ಒಂದು ವರ್ಷ ಯಾವುದಾದರೂ ಸಂಶೋಧನೆಯಲ್ಲಿ ಕೈಜೋಡಿಸಿ ನೋಡುತ್ತೇನೆ’ ಎಂದರೆ ಮಾತ್ರ ಮನೆಯಲ್ಲಿ ಮೌನ ಆವರಿಸುತ್ತದೆ.

ಈ ಮೌನಕ್ಕೆ ಕಾರಣವಿಲ್ಲದಿಲ್ಲ. 1923ರ ಜನವರಿಯಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆ - ಇವೆರಡನ್ನು ನಂಬಿ ಬೆಳೆದ ಊರು ಭದ್ರಾವತಿ. ಅಪ್ಪನ ಹಿಂದೆ ಮಗನೂ ಕಾರ್ಖಾನೆಯ ಗೇಟು ದಾಟುವುದು ಒಂದು ಕಾಲಕ್ಕೆ ವಾಡಿಕೆಯಾಗಿತ್ತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು. ಇಂಥ ಊರಿನ ಪಾಲಕರು ಮಕ್ಕಳ ಒಂದೊಂದು ವರ್ಷವನ್ನೂ ಲೆಕ್ಕ ಹಾಕಿದರೆ ಅವರನ್ನು ದೂರುವಂತಿಲ್ಲ.

ಆದರೆ ಲೆಕ್ಕ ಪೂರ್ತಿಯಾಗಿರಬೇಕು. ಕೋಚಿಂಗಿಗೆ ಹೋಗುವ ವರ್ಷವೂ ಒಂದು ವರ್ಷವೇ. ಪರೀಕ್ಷೆಯಲ್ಲಿ ಮತ್ತೆ ಅಷ್ಟೇ ಅಂಕ ಬಂದರೆ ಕೈಯಲ್ಲಿ ಉಳಿಯುವುದೇನು ಎಂದು ಯಾರೂ ಕೇಳುವುದಿಲ್ಲ. ವರ್ಷವನ್ನು ಹೇಗಿದ್ದರೂ ಕೊಡುವುದಾದರೆ, ಅದಕ್ಕೆ ಪ್ರತಿಯಾಗಿ ಸಿಗುವುದೇನು ಎಂದು ಎರಡೂ ಕಡೆ ಕೇಳುವುದು ನ್ಯಾಯ.

ಜರ್ಮನಿಯ ಪದ್ಧತಿ

ಜರ್ಮನಿಯಲ್ಲಿ ಶಾಲೆ ಬಿಟ್ಟ ತರುಣರು ಒಂದು ವರ್ಷ ಸ್ವಯಂಸೇವೆ ಮಾಡುವುದಕ್ಕೆ 1964ರಲ್ಲೇ ಕಾಯಿದೆಯಾಯಿತು. ಆಸ್ಪತ್ರೆ, ವೃದ್ಧಾಶ್ರಮಗಳ ಸೇವೆಯಿಂದ ಶುರುವಾದದ್ದು 1993ರಲ್ಲಿ ಪರಿಸರದ ಕೆಲಸಕ್ಕೂ ವಿಸ್ತರಿಸಿತು. ಹ್ಯಾನೋವರ್ ನಗರದ ವೈದ್ಯಕೀಯ ವಿಶ್ವವಿದ್ಯಾಲಯದಲ್ಲಿ ‘ಸ್ವಯಂಸೇವಾ ವಿಜ್ಞಾನ ವರ್ಷ’ ಎಂಬುದೇ ಇದೆ. ಶಾಲೆ ಮುಗಿಸಿದವರು ಪ್ರಯೋಗಾಲಯವೊಂದಕ್ಕೆ ಸೇರಿ, ಸಂಶೋಧಕರ ಜೊತೆ ನಿಂತು ಕೆಲಸ ಮಾಡುತ್ತಾರೆ. ಸಂಬಳವಿಲ್ಲ, ಕೈಖರ್ಚಿಗೆ ಹಣವಿದೆ. ವಿಮೆಯಿದೆ. ವರ್ಷದಲ್ಲಿ ಕನಿಷ್ಠ 25 ದಿನ ತರಬೇತಿ ಶಿಬಿರ ನಡೆಸಲೇಬೇಕೆಂದು ಕಾಯಿದೆಯೇ ಹೇಳುತ್ತದೆ. ವಯಸ್ಸು 27 ತುಂಬಿರಬಾರದು. ಕೊನೆಗೆ ಪ್ರಮಾಣಪತ್ರ ಕೊಡುತ್ತಾರೆ. ಹೊರದೇಶದವರಿಗೆ ಬಾಗಿಲು ಮುಚ್ಚಿಲ್ಲವಾದರೂ ಜರ್ಮನ್ ಭಾಷೆ ಮತ್ತು ವೀಸಾ ಎಂಬ ಎರಡು ಹೊಸಿಲು ದಾಟಬೇಕು.

ನಮ್ಮಲ್ಲಿ ಇಂಥ ಕಾಯಿದೆ ಇಲ್ಲ. ಇರುವುದು ಬಿಡಿಬಿಡಿ ಅವಕಾಶಗಳು. ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ 1999ರಿಂದ ಪಿ.ಯು.ಸಿ. ಮಕ್ಕಳನ್ನು ಗುರುತಿಸುತ್ತಿತ್ತು, 2022ರಲ್ಲಿ ಅದನ್ನು ನಿಲ್ಲಿಸಿ ‘ಇನ್‌ಸ್ಪೈರ್’ನೊಳಗೆ ಸೇರಿಸಲಾಯಿತು. ಇನ್‌ಸ್ಪೈರ್ ವಿದ್ಯಾರ್ಥಿವೇತನ ರೂಪುಗೊಂಡದ್ದು ವರ್ಷಕ್ಕೆ 80 ಸಾವಿರ ರೂ. ಲೆಕ್ಕದಲ್ಲಿ, ಅದರಲ್ಲಿ 20 ಸಾವಿರ ಬೇಸಿಗೆಯ ಸಂಶೋಧನೆಗೇ ಮೀಸಲು. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿಗಳನ್ನು ಕರೆಸಿಕೊಳ್ಳುತ್ತದೆ. ಇವೆಲ್ಲ ಪದವಿಗೆ ಸೇರಿದವರಿಗೆ. ಇಡೀ ವರ್ಷ ಕೊಡಬಲ್ಲೆ ಎನ್ನುವ ಹದಿನೆಂಟರ ಹರೆಯದವರಿಗೆ ಸಿದ್ಧಪಡಿಸಿದ ಕುರ್ಚಿ ಎಲ್ಲೂ ಇಲ್ಲ. ತಾವೇ ಎಳೆದುಕೊಂಡು ಕೂರಬೇಕು.

ಆಗುಂಬೆಯ ಉದಾಹರಣೆ

ಹಾಗೆ ಎಳೆದುಕೊಂಡು ಕೂತವರ ಕಥೆಗೆ ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯಲ್ಲೇ, ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಲ್ಲಿ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವೊಂದು ಆರಂಭವಾಯಿತು. ಕಟ್ಟಿದವರು ರೋಮುಲಸ್ ವಿಟೇಕರ್. ಎಂಟನೆಯ ವಯಸ್ಸಿನಲ್ಲಿ, 1951ರಲ್ಲಿ ಅಮೆರಿಕದಿಂದ ಭಾರತಕ್ಕೆ ಬಂದು ಕೊಡೈಕನಾಲಿನಲ್ಲಿ ಓದಿದವರು. ಕಾಲೇಜಿಗೆಂದು ಅಮೆರಿಕಕ್ಕೆ ಹಿಂದಿರುಗಿ, ವ್ಯೋಮಿಂಗ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಳೆದು ಅದನ್ನು ಬಿಟ್ಟರು. ಆಮೇಲೆ ಅವರು ಸೇರಿದ್ದು ಮಯಾಮಿಯಲ್ಲಿ ಬಿಲ್ ಹಾಸ್ಟ್ ಎಂಬುವರು ನಡೆಸುತ್ತಿದ್ದ ಹಾವುಗಳ ಕೇಂದ್ರವನ್ನು. ಹಾವಿನ ವಿಷ ತೆಗೆದು ಸಂಶೋಧಕರಿಗೆ ಒದಗಿಸುತ್ತಿದ್ದ ಜಾಗ ಅದು. ವಿಟೇಕರ್ ಕಸುಬು ಕಲಿತದ್ದು ಅಲ್ಲಿ. 1967ರಲ್ಲಿ ಭಾರತಕ್ಕೆ ಮರಳಿದವರು ಮದರಾಸಿನಲ್ಲಿ ಹಾವುಗಳ ಉದ್ಯಾನ ಕಟ್ಟಿದರು, 1976ರಲ್ಲಿ ಮೊಸಳೆ ಬ್ಯಾಂಕ್ ಸ್ಥಾಪಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. (ಇದನ್ನು ಓದಿ ಯಾರೂ ಕಾಲೇಜು ಬಿಡಬೇಕಾಗಿಲ್ಲ. ವಿಟೇಕರ್ ಅವರೂ ಮುಂದೆ ಪದವಿ ಪಡೆದವರೇ.)

ಆಗುಂಬೆಯ ಕೇಂದ್ರದಲ್ಲಿ 2008ರಲ್ಲಿ ಶುರುವಾದ ಕಾಳಿಂಗ ಸರ್ಪದ ಅಧ್ಯಯನ ಹೆಸರಾಯಿತು. ಹಾವಿನ ದೇಹದೊಳಗೆ ಪುಟ್ಟ ರೇಡಿಯೊ ಪ್ರೇಷಕ ಇರಿಸಿ ಕಾಡಿಗೆ ಬಿಡುವುದು. ಬಳಿಕ ಆಂಟೆನಾ ಹಿಡಿದು ಅದರ ಜಾಡಿನಲ್ಲೇ ನಡೆಯುವುದು. ಎಲ್ಲಿತ್ತು, ಎಷ್ಟು ಹೊತ್ತಿಗೆ ಎದ್ದಿತು, ಏನು ತಿಂದಿತು, ಆಗ ಬಿಸಿಲೆಷ್ಟು, ತೇವವೆಷ್ಟು ಎಂದು ಬರೆದಿಡುವುದು. ಹಾವು ಎರಡು ದಿನ ಬಿಲದಿಂದ ಹೊರಬಾರದಿದ್ದರೆ ಎರಡು ದಿನವೂ ಅಲ್ಲೇ ಕಾಯಬೇಕು. ಈ ಕೇಂದ್ರಕ್ಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಯಂಸೇವಕರು ಬಂದು ಇಂಥ ಕೆಲಸ ಮಾಡಿದ್ದಾರೆ. ಕಾಲಿಗೆ ಇಂಬಳ, ಮೈಮೇಲೆ ಒಣಗದ ಬಟ್ಟೆ, ಕೈಯಲ್ಲಿ ನೋಟ್‌ಬುಕ್ಕು: ಟೀವಿಯಲ್ಲಿ ಕಾಣುವ ಸಾಹಸ ಇದಲ್ಲ.

ಇದರಿಂದ ಬರುವುದೇನು ಎಂಬುದಕ್ಕೆ ಒಂದು ಉತ್ತರ 2024ರಲ್ಲಿ ಸಿಕ್ಕಿತು. 1836ರಿಂದ ಜಗತ್ತಿನ ಕಾಳಿಂಗ ಸರ್ಪವೆಲ್ಲ ಒಂದೇ ಪ್ರಭೇದ ಎಂದು ನಂಬಲಾಗಿತ್ತು. ಆಗುಂಬೆಯಲ್ಲಿ ವರ್ಷಗಟ್ಟಲೆ ದುಡಿದ ಪಿ. ಗೌರಿಶಂಕರ್ ಮತ್ತು ಸಂಗಡಿಗರು ವಂಶವಾಹಿಗಳನ್ನು ಹೋಲಿಸಿ, ಮೈಮೇಲಿನ ಪಟ್ಟೆಗಳನ್ನು ಎಣಿಸಿ, ಅವು ನಾಲ್ಕು ಪ್ರಭೇದಗಳೆಂದು ತೋರಿಸಿದರು. ಪಶ್ಚಿಮ ಘಟ್ಟದ ಹಾವಿಗೆ ಇಟ್ಟ ಹೆಸರು ‘ಒಫಿಯೊಫೇಗಸ್ ಕಾಳಿಂಗ’. ಮಲೆನಾಡಿನ ಅಜ್ಜಿಯರ ಬಾಯಲ್ಲಿದ್ದ ಮಾತು ವಿಜ್ಞಾನದ ಪುಸ್ತಕ ಸೇರಿತು. ಅದರ ಹಿಂದೆ ಇದ್ದದ್ದು ಪಟ್ಟೆ ಎಣಿಸುವಂಥ ಬೇಸರದ ಕೆಲಸವೂ ಹೌದು.

ಬೇಸರದ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸಂಶೋಧನೆಯ ಮುಕ್ಕಾಲು ಪಾಲು ಎಣಿಕೆ, ತೊಳೆಯುವುದು, ಚೀಟಿ ಅಂಟಿಸುವುದು, ಮತ್ತೆ ಎಣಿಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ರೋಗಾಣು ಪತ್ತೆ ಮಾಡಿದ್ದೂ, ಅದನ್ನು ಹರಡುವುದು ಉಣ್ಣೆ ಎಂದು ಖಚಿತಪಡಿಸಿದ್ದೂ ಕಾಡಿನ ನೆಲದಿಂದ ಉಣ್ಣೆಗಳನ್ನು ಆಯ್ದು ವಿಂಗಡಿಸಿದ ಪರಿಶ್ರಮದಿಂದಲೇ. (ಮಂಗನ ಕಾಯಿಲೆಯ ಉಣ್ಣೆ ಆಯುವುದು ತರಬೇತಿಯಿಲ್ಲದ ಸ್ವಯಂಸೇವಕರಿಗೆ ಹೇಳಿದ ಕೆಲಸವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.) ಈ ಬೇಸರವನ್ನು ಸಹಿಸಬಲ್ಲೆನೋ ಇಲ್ಲವೋ ಎಂಬುದು ಐದು ವರ್ಷದ ಪದವಿ, ಅದರ ಮೇಲೆ ಪಿಎಚ್.ಡಿ. ಎಂದು ಹೊರಡುವ ಮೊದಲೇ ಗೊತ್ತಾದರೆ ಅದೇನು ಸಣ್ಣ ಲಾಭವೇ? ‘ಇದು ನನ್ನದಲ್ಲ’ ಎಂದು ಒಂದು ವರ್ಷದಲ್ಲಿ ತಿಳಿದವನು, ಎಂಟನೆಯ ವರ್ಷದಲ್ಲಿ ತಿಳಿದವನಿಗಿಂತ ಅದೃಷ್ಟವಂತ.

ಮನೆಗೆ ಹತ್ತಿರದಲ್ಲಿ

ಆಗುಂಬೆಗೇ ಹೋಗಬೇಕೆಂದೇನೂ ಇಲ್ಲ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾವತಿಯಿಂದ ಸುಮಾರು 18 ಕಿ.ಮೀ. ದೂರದ ಶಂಕರಘಟ್ಟದಲ್ಲಿದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ, ಜೈವಿಕ ತಂತ್ರಜ್ಞಾನ ವಿಭಾಗಗಳು ಅಲ್ಲಿವೆ. ಭದ್ರಾವತಿ ಸುತ್ತಲಿನ ಕೆರೆಗಳ ನೀರನ್ನು ಪರೀಕ್ಷಿಸಿ ಪ್ರಬಂಧ ಬರೆದವರು ಅಲ್ಲಿದ್ದಾರೆ. ಕೆರೆಯ ನೀರನ್ನು ಪ್ರತಿ ತಿಂಗಳು ಒಂದೇ ಜಾಗದಿಂದ, ಒಂದೇ ಹೊತ್ತಿಗೆ ತಂದು ಪರೀಕ್ಷೆಗೆ ಕೊಡಲು ಶಿಸ್ತಿನ ಕೈಯೊಂದು ಬೇಕು; ಅದಕ್ಕೆ ಪದವಿ ಬೇಡ. ಬೇಸಿಗೆಯಲ್ಲಿ ಭದ್ರಾ ಜಲಾಶಯದ ನೀರು ಇಳಿದಾಗ ಮೇಲೇಳುವ ನಡುಗಡ್ಡೆಗಳಲ್ಲಿ ನದಿ ರೀವಗಳು ಹಿಂಡುಹಿಂಡಾಗಿ ಬಂದು ಮೊಟ್ಟೆಯಿಡುತ್ತವೆ. ಹಕ್ಕಿ ಎಣಿಕೆಗೂ ಜನ ಬೇಕು. ನೆರೆಯ ಕೇರಳದಲ್ಲಿ 2015ರಿಂದ 2020ರವರೆಗೆ ನಡೆದ ಪಕ್ಷಿ ಅಟ್ಲಾಸ್ ಕೆಲಸವನ್ನು ಮಾಡಿದವರು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು.

ಪಾಲಕರು ಕೇಳಲೇಬೇಕಾದ ಪ್ರಶ್ನೆಗಳಿವೆ, ಸಂಕೋಚ ಬೇಡ. ಮಾರ್ಗದರ್ಶಕರು ಯಾರು, ಅವರು ವಾರಕ್ಕೆ ಎಷ್ಟು ಹೊತ್ತು ಮಕ್ಕಳ ಜೊತೆ ಕೂರುತ್ತಾರೆ? ಊಟ, ವಸತಿಯ ಖರ್ಚು ಯಾರದು? ಹಾವು ಕಚ್ಚಿದರೆ, ಆಮ್ಲ ಚೆಲ್ಲಿದರೆ ಆಸ್ಪತ್ರೆ ಎಷ್ಟು ದೂರ, ವಿಮೆ ಇದೆಯೇ? ಕಾಡಿನ ಕೆಲಸವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇದೆಯೇ? ಕೊನೆಯದು ಬಹಳ ಮುಖ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮುಂದೆ ‘ಸ್ವಯಂಸೇವಕನಾಗಿದ್ದೆ’ ಎಂಬ ಸಬೂಬು ನಡೆಯುವುದಿಲ್ಲ. ಬರೀ ನೆಲ ಗುಡಿಸಲು, ಪ್ರವಾಸಿಗರಿಗೆ ಚಹಾ ಕೊಡಲು ‘ಇಂಟರ್ನ್’ ಬೇಕೆನ್ನುವವರೂ, ಸೇವೆಗೆ ಬಂದವರಿಂದಲೇ ದೊಡ್ಡ ಶುಲ್ಕ ಕೇಳುವವರೂ ಉಂಟು. ಅಂಥ ಕಡೆ ಹೋಗುವುದಕ್ಕಿಂತ ಕೋಚಿಂಗೇ ಮೇಲು.

ಪ್ರವೇಶದ ನಿಯಮಗಳನ್ನೂ ಮೊದಲೇ ನೋಡಿಕೊಳ್ಳಬೇಕು. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಐ.ಐ.ಟಿ.ಗಳ ಜೆ.ಇ.ಇ. ಅಡ್ವಾನ್ಸ್‌ಡ್ ಬರೆಯಲು ಮಾತ್ರ ಸತತ ಎರಡು ವರ್ಷಗಳಲ್ಲಿ ಎರಡೇ ಅವಕಾಶ. ಅಂದರೆ ಒಂದು ವರ್ಷದ ಬಿಡುವಿಗೆ ಜಾಗವಿದೆ, ಎರಡಕ್ಕೆ ಇಲ್ಲ. ಐಸರ್‌ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಪಿ.ಯು.ಸಿ. ಮುಗಿಸಿದ ವರ್ಷದ ಬಗ್ಗೆ ತಮ್ಮದೇ ಷರತ್ತು ಹಾಕುತ್ತವೆ; ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯಬೇಕು. ವಿದ್ಯಾರ್ಥಿವೇತನ ಪಡೆಯುತ್ತಿರುವವರು ಒಂದು ವರ್ಷ ಕಾಲೇಜಿನ ಹೊರಗಿದ್ದರೆ ಅದು ತಪ್ಪುವುದೇ ಎಂದು ವಿಚಾರಿಸಬೇಕು. ಇನ್ನೊಂದು ನಷ್ಟವೂ ಇದೆ: ವರ್ಷವಿಡೀ ಲೆಕ್ಕ ಬಿಡಿಸದಿದ್ದರೆ ಕೈ ತಪ್ಪುತ್ತದೆ. ಸಂಜೆ ಎರಡು ಗಂಟೆ ಗಣಿತ, ಭೌತಶಾಸ್ತ್ರಕ್ಕೆ ಎತ್ತಿಡುವುದು ಜಾಣತನ.

ಪತ್ರ ಬರೆಯುವುದಕ್ಕೆ ಫಲಿತಾಂಶದವರೆಗೆ ಕಾಯಬೇಕಿಲ್ಲ. ಜನವರಿ, ಫೆಬ್ರುವರಿಯಲ್ಲೇ ಬರೆದರೆ ಒಳ್ಳೆಯದು. ವಿಭಾಗದ ಮುಖ್ಯಸ್ಥರಿಗಲ್ಲ, ಆ ವಿಷಯದಲ್ಲಿ ಕೆಲಸ ಮಾಡುತ್ತಿರುವ ಅಧ್ಯಾಪಕರಿಗೇ ಬರೆಯಬೇಕು. ಅವರ ಪ್ರಬಂಧವೊಂದನ್ನಾದರೂ ಓದಿ, ಅರ್ಥವಾಗದ ಒಂದು ಸಾಲನ್ನು ಹಿಡಿದು ಪ್ರಶ್ನೆ ಕೇಳಿದರೆ ಉತ್ತರ ಬರುವ ಸಂಭವ ಹೆಚ್ಚು. ಅಂಕಪಟ್ಟಿಯ ನಕಲಿನ ಜೊತೆಗೆ, ಮನೆಯ ಹತ್ತಿರದ ಒಂದು ಮರವನ್ನೋ ಕೆರೆಯನ್ನೋ ಮೂರು ತಿಂಗಳು ನೋಡಿ ಬರೆದ ಟಿಪ್ಪಣಿಯಿದ್ದರೆ ಅದನ್ನೂ ಲಗತ್ತಿಸಬಹುದು. ಮೊದಲು ಒಂದು ತಿಂಗಳ ಮಟ್ಟಿಗೆ ಕೇಳಿ. ಇಬ್ಬರಿಗೂ ಒಪ್ಪಿಗೆಯಾದರೆ ಮುಂದುವರಿಸಬಹುದು. ಆಗುಂಬೆಯ ಕಡೆ ಹೋಗುವವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಪೆನ್ಸಿಲಿನಲ್ಲಿ ಬರೆಯಬೇಕು. ಆ ಮಳೆಯಲ್ಲಿ ಶಾಯಿ ನಿಲ್ಲುವುದಿಲ್ಲ.