ಚಿಪ್ ಕಾರ್ಖಾನೆಯಲ್ಲಿ ಯಾರಿಗೆ ಕೆಲಸ?

ಚಿಪ್ ಕಾರ್ಖಾನೆಯಲ್ಲಿ ಸಿಗುವ ಕೆಲಸಗಳಲ್ಲಿ ಹೆಚ್ಚಿನವು ಚಿಪ್ ವಿನ್ಯಾಸ ಬಲ್ಲವರಿಗೆ ಮೀಸಲಾದವಲ್ಲ. ವಿನ್ಯಾಸದ ಕೆಲಸ ಬೆಂಗಳೂರಿನಲ್ಲಿ ಬೇರೂರಿ ನಲವತ್ತು ವರ್ಷವಾಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿಗೆ ಬಂದದ್ದು 1985ರಲ್ಲಿ. ಜಗತ್ತಿನ ಚಿಪ್ ವಿನ್ಯಾಸಕಾರರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಭಾರತದವರು ಎಂಬ ಅಂದಾಜಿದೆ. ಆದರೆ ಅವರು ಬರೆದ ನಕ್ಷೆಗಳು ಚಿಪ್ ಆಗಿ ರೂಪ ತಳೆಯುವುದು ಬಹುಪಾಲು ತೈವಾನ್, ಕೊರಿಯಾಗಳಲ್ಲಿ. ಗುಜರಾತ್‌ನಲ್ಲಿ ಈಗ ತಲೆಯೆತ್ತುತ್ತಿರುವ ಕಾರ್ಖಾನೆಗಳಿಗೆ ಬೇಕಾದ ಜನರೇ ಬೇರೆ. ರಾಸಾಯನಿಕ ಎಂಜಿನಿಯರುಗಳು, ಪಂಪು ಮತ್ತು ಕೊಳವೆಗಳ ಒಳಗುಟ್ಟು ತಿಳಿದ ಮೆಕ್ಯಾನಿಕಲ್ ಡಿಪ್ಲೊಮಾದವರು, ಇನ್‌ಸ್ಟ್ರುಮೆಂಟೇಷನ್ ತಂತ್ರಜ್ಞರು, ನೀರು ಮತ್ತು ಅನಿಲ ಘಟಕ ನಡೆಸುವವರು. ವಡೋದರಾ ಮಗ್ಗುಲಿನ ಕೊಯಾಲಿಯ ತೈಲಾಗಾರ ಅರವತ್ತು ವರ್ಷಗಳಿಂದ ಪಳಗಿಸುತ್ತ ಬಂದಿರುವುದು ಇಂಥವರನ್ನೇ.

ಕೇಂದ್ರ ಸಂಪುಟವು ಸೆಮಿಕಂಡಕ್ಟರ್ ತಯಾರಿಕೆಗಾಗಿ 76,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2021ರ ಡಿಸೆಂಬರಿನಲ್ಲಿ. ಮರುವರ್ಷವೇ ಗುಜರಾತ್ ಈ ಉದ್ಯಮಕ್ಕೆಂದೇ ತನ್ನದೊಂದು ನೀತಿ ಪ್ರಕಟಿಸಿತು. 2023ರ ಜೂನ್‌ನಲ್ಲಿ ಅಮೆರಿಕದ ಮೈಕ್ರಾನ್ ಕಂಪನಿಯ ಮೆಮೊರಿ ಚಿಪ್ ಘಟಕ ಅಹಮದಾಬಾದ್ ಸಮೀಪದ ಸಾಣಂದ್‌ಗೆ ನಿಗದಿಯಾಯಿತು. ಅದರ ವೆಚ್ಚ 22,516 ಕೋಟಿ ರೂಪಾಯಿ. 2024ರ ಫೆಬ್ರವರಿಯಲ್ಲಿ ಧೊಲೇರಾದ ಟಾಟಾ ಘಟಕಕ್ಕೂ ಸಾಣಂದ್‌ನ ಸಿಜಿ ಪವರ್ ಘಟಕಕ್ಕೂ ಅನುಮತಿ ಸಿಕ್ಕಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸಾಣಂದ್‌ಗೆ ಮತ್ತೊಂದು ಕಂಪನಿ ಸೇರಿಕೊಂಡಿತು. ಅದು ಮೈಸೂರಿನ ಕೇನ್ಸ್. ದಿನಕ್ಕೆ 60 ಲಕ್ಷ ಚಿಪ್ ಅದರ ಗುರಿ. ಸೂರತ್‌ನಲ್ಲಿ ಸುಚಿ ಸೆಮಿಕಾನ್ ಎಂಬ ಖಾಸಗಿ ಸಂಸ್ಥೆ 2024ರ ಕೊನೆಯಲ್ಲಿ ತನ್ನ ಘಟಕ ತೆರೆಯಿತು.

ಇವೆಲ್ಲವನ್ನೂ ಪತ್ರಿಕೆಗಳು ಒಂದೇ ಉಸಿರಿನಲ್ಲಿ ಚಿಪ್ ಕಾರ್ಖಾನೆ ಎಂದುಬಿಡುತ್ತವೆ. ಕೆಲಸ ಹುಡುಕುವವರು ಹಾಗೆ ಒಂದೇ ಎಂದುಕೊಂಡರೆ ಮೋಸ ಹೋಗುತ್ತಾರೆ. ಧೊಲೇರಾದ್ದು ಫ್ಯಾಬ್, ಅಂದರೆ ಸಿಲಿಕಾನ್ ಬಿಲ್ಲೆಯ ಮೇಲೆ ಕೋಟ್ಯಂತರ ಟ್ರಾನ್ಸಿಸ್ಟರ್‌ಗಳನ್ನು ಮೂಡಿಸುವ ಮೂಲ ಕಾರ್ಖಾನೆ. ತೈವಾನ್‌ನ ಪಿಎಸ್‌ಎಂಸಿ ಕಂಪನಿಯ ತಂತ್ರಜ್ಞಾನ, 91,000 ಕೋಟಿ ರೂಪಾಯಿ ಬಂಡವಾಳ, ತಿಂಗಳಿಗೆ 50,000 ಬಿಲ್ಲೆಗಳ ಸಾಮರ್ಥ್ಯ. 28 ನ್ಯಾನೋಮೀಟರಿನಿಂದ 110 ನ್ಯಾನೋಮೀಟರ್‌ವರೆಗಿನ ಚಿಪ್‌ಗಳು ಅದರ ಗುರಿ. ಹೊಸ ಮೊಬೈಲಿನ ಮುಖ್ಯ ಚಿಪ್‌ಗೆ ಇದು ಸಾಲದು. ಕಾರು, ಪರದೆ, ವಿದ್ಯುತ್ ನಿಯಂತ್ರಣಕ್ಕೆ ಧಾರಾಳ ಸಾಕು. ಸಾಣಂದ್ ಮತ್ತು ಸೂರತ್‌ಗಳದ್ದು ಬೇರೆ ಬಗೆ. ಬೇರೆಡೆ ತಯಾರಾದ ಬಿಲ್ಲೆಯನ್ನು ತುಂಡು ಮಾಡಿ, ತಂತಿ ಜೋಡಿಸಿ, ಕವಚ ತೊಡಿಸಿ, ಪರೀಕ್ಷಿಸಿ ಕಳಿಸುವ ಘಟಕಗಳು ಅವು. ಫ್ಯಾಬ್‌ನಲ್ಲಿ ಹೆಚ್ಚು ಓದಿದವರ ಪಾಲು ದೊಡ್ಡದು. ಜೋಡಣೆ ಘಟಕಗಳಲ್ಲಿ ಐಟಿಐ ಮತ್ತು ಡಿಪ್ಲೊಮಾದವರಿಗೆ ಬಾಗಿಲು ಅಗಲ.

ಫ್ಯಾಬ್ ಒಳಗಿನ ಕೆಲಸವನ್ನು ಹತ್ತಿರದಿಂದ ನೋಡಿದರೆ ರಸಾಯನಶಾಸ್ತ್ರ ಏಕೆ ಬೇಕೆಂಬುದು ತಿಳಿಯುತ್ತದೆ. ಹನ್ನೆರಡು ಇಂಚು ವ್ಯಾಸದ ಬಿಲ್ಲೆಯೊಂದು ಒಳಹೊಕ್ಕು ಹೊರಬರಲು ಎರಡು ಮೂರು ತಿಂಗಳು ಬೇಕು. ಆ ಅವಧಿಯಲ್ಲಿ ಅದು ನೂರಾರು ಹಂತ ದಾಟುತ್ತದೆ. ಪದರ ಕೂರಿಸುವುದು, ಬೆಳಕಿಗೆ ಸ್ಪಂದಿಸುವ ಲೇಪ ಬಳಿಯುವುದು, ನಕ್ಷೆಯನ್ನು ಬೆಳಕಿನಿಂದ ಅಚ್ಚೊತ್ತುವುದು, ಬೇಡದ ಭಾಗವನ್ನು ಅನಿಲದಿಂದಲೋ ಆಮ್ಲದಿಂದಲೋ ಕೊರೆಯುವುದು, ತೊಳೆಯುವುದು, ಮತ್ತೆ ಮೊದಲಿನಿಂದ. ಅಚ್ಚೊತ್ತುವ ಕೋಣೆಯಲ್ಲಿ ದೀಪಗಳೆಲ್ಲ ಹಳದಿ. ನೀಲಿ ಬೆಳಕು ತಾಗಿದರೆ ಲೇಪ ಕೆಡುತ್ತದೆ. ಒಳಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬಿಳಿ ದಿರಿಸು ತೊಟ್ಟಿರಬೇಕು, ಕಣ್ಣಷ್ಟೇ ಕಾಣಬೇಕು. ಇದು ಕೆಲಸಗಾರರ ರಕ್ಷಣೆಗಿಂತ ಹೆಚ್ಚಾಗಿ ಬಿಲ್ಲೆಯ ರಕ್ಷಣೆಗೆ. ಮೈಯಿಂದ ಉದುರುವ ಚರ್ಮದ ಕಣವೊಂದು ಹತ್ತಾರು ಟ್ರಾನ್ಸಿಸ್ಟರುಗಳಿಗಿಂತ ದೊಡ್ಡದು.

ಪ್ರತಿ ಹಂತಕ್ಕೂ ಒಬ್ಬ ಪ್ರೋಸೆಸ್ ಎಂಜಿನಿಯರ್ ಹೊಣೆ. ಶಾಖ, ಒತ್ತಡ, ಅನಿಲದ ಹರಿವು ಎಷ್ಟಿರಬೇಕೆಂದು ಗೊತ್ತುಪಡಿಸಿ, ಅದು ಕದಲದಂತೆ ಕಾಯುವುದು ಆ ಹುದ್ದೆಯ ಕೆಲಸ. ರಾಸಾಯನಿಕ ಎಂಜಿನಿಯರಿಂಗ್, ಮೆಟೀರಿಯಲ್ಸ್, ಭೌತಶಾಸ್ತ್ರ ಓದಿದವರು ಇಲ್ಲಿಗೆ ಹೇಳಿಮಾಡಿಸಿದವರು. ಯಂತ್ರಗಳನ್ನು ನಡೆಸಿ, ಕೆಟ್ಟಾಗ ಬಿಚ್ಚಿ ಸರಿಪಡಿಸುವ ಎಕ್ವಿಪ್‌ಮೆಂಟ್ ಎಂಜಿನಿಯರುಗಳು ಮತ್ತು ತಂತ್ರಜ್ಞರು ಇನ್ನೊಂದು ದೊಡ್ಡ ವರ್ಗ. ನಿರ್ವಾತ ಪಂಪು, ರೋಬಾಟ್, ಬಿಸಿ ಕುಲುಮೆಗಳು ಇವರ ಪಾಲಿಗೆ. ಬಿಲ್ಲೆಯೊಂದರಲ್ಲಿ ನೂರಕ್ಕೆ ಎಷ್ಟು ಚಿಪ್ ಸರಿಯಾಗಿ ಬಂತು, ಉಳಿದವು ಏಕೆ ಹಾಳಾದವು ಎಂದು ಬೆನ್ನು ಹತ್ತುವವರು ಯೀಲ್ಡ್ ಎಂಜಿನಿಯರುಗಳು. ಕಾರ್ಖಾನೆಯ ಲಾಭನಷ್ಟ ನಿಂತಿರುವುದು ಇವರ ಮೇಲೆಯೇ. ಅಂಕಿಸಂಖ್ಯೆ, ಕಂಪ್ಯೂಟರ್ ಬಲ್ಲವರಿಗೆ ಇದು ಒಳ್ಳೆಯ ದಾರಿ.

ಇವರೆಲ್ಲರ ಬೆನ್ನಿಗೆ ನಿಲ್ಲುವುದು ಹೊರಗಿನವರ ಕಣ್ಣಿಗೆ ಬೀಳದ ವಿಭಾಗ: ನೀರು, ಅನಿಲ, ಗಾಳಿ, ತ್ಯಾಜ್ಯ. ಬಿಲ್ಲೆ ತೊಳೆಯುವ ನೀರು ಎಷ್ಟು ಶುದ್ಧವಾಗಿರಬೇಕೆಂದರೆ ಅದರಲ್ಲಿ ಲವಣ ಇಲ್ಲವೇ ಇಲ್ಲ ಎನ್ನುವಷ್ಟು. ವಿದ್ಯುತ್ ಅದರಲ್ಲಿ ಹರಿಯುವುದೇ ಕಷ್ಟ. ಸಾರಜನಕ, ಜಲಜನಕ, ಆರ್ಗಾನ್ ಕೊಳವೆಗಳಲ್ಲಿ ಹಗಲಿರುಳು ಹರಿಯುತ್ತಿರಬೇಕು. ಗಾಳಿ ತಾಗಿದೊಡನೆ ತಾನಾಗಿ ಹೊತ್ತಿಕೊಳ್ಳುವ ಸೈಲೇನ್‌ನಂಥ ಅನಿಲಗಳೂ ಇರುತ್ತವೆ. ಹೈಡ್ರೋಫ್ಲೋರಿಕ್ ಆಮ್ಲ ಚರ್ಮಕ್ಕೆ ತಾಗಿದರೆ ಉರಿ ತಡವಾಗಿ ತಿಳಿಯಬಹುದು, ಅಷ್ಟರೊಳಗೆ ಒಳಗಿನ ಮಾಂಸ, ಮೂಳೆಗೆ ಏಟು ಬಿದ್ದಿರುತ್ತದೆ. ಅದನ್ನು ಬಳಸುವ ಕಡೆಯೆಲ್ಲ ಕ್ಯಾಲ್ಸಿಯಂ ಗ್ಲುಕೊನೇಟ್ ಮುಲಾಮು ಕೈಗೆಟಕುವಂತೆ ಇಟ್ಟಿರುತ್ತಾರೆ. ಸುರಕ್ಷತಾ ಅಧಿಕಾರಿಯ ಹುದ್ದೆ ಇಲ್ಲಿ ಹೆಸರಿಗಷ್ಟೇ ಇರುವಂಥದ್ದಲ್ಲ.

ಕೊಯಾಲಿಯ ಮಾತು ಬರುವುದು ಇಲ್ಲೇ. ಸೋವಿಯತ್ ನೆರವಿನಿಂದ ಕಟ್ಟಿದ ಗುಜರಾತ್ ತೈಲಾಗಾರ 1965ರಲ್ಲಿ ಅಲ್ಲಿ ಕೆಲಸ ಶುರುಮಾಡಿತು. 1969ರಲ್ಲಿ ಐಪಿಸಿಎಲ್ ಸ್ಥಾಪನೆಯಾಗಿ ವಡೋದರಾದ ಅಂಚಿನಲ್ಲಿ ಪೆಟ್ರೋರಾಸಾಯನಿಕ ಕಾರ್ಖಾನೆಗಳು ಬೆಳೆದವು, ಪಕ್ಕದಲ್ಲಿ ಜಿಎಸ್‌ಎಫ್‌ಸಿ ರಸಗೊಬ್ಬರ ಕಾರ್ಖಾನೆ. ಅತಿಶೀತಲ ದ್ರವಗಳ ಟ್ಯಾಂಕ್ ತಯಾರಿಸುವ ಐನಾಕ್ಸ್ ಇಂಡಿಯಾ ಮತ್ತು ಅನಿಲ ಘಟಕಗಳನ್ನು ವಿನ್ಯಾಸ ಮಾಡುವ ಲಿಂಡೆ ಎಂಜಿನಿಯರಿಂಗ್ ಎರಡಕ್ಕೂ ವಡೋದರಾವೇ ನೆಲೆ. ವರ್ಷವಿಡೀ ನಿಲ್ಲದ ಘಟಕವನ್ನು ಮೂರು ಪಾಳಿಯಲ್ಲಿ ನಡೆಸುವುದು, ಸೋರಿಕೆಯ ಅಲಾರಂ ಕೂಗಿದಾಗ ಕೈಕಾಲು ಬಿಡದಿರುವುದು, ಕವಾಟ ಮುಟ್ಟುವ ಮೊದಲು ಪರವಾನಗಿ ಚೀಟಿ ಬರೆಸುವುದು, ಇಂಥ ಶಿಸ್ತು ಈ ಪ್ರದೇಶದಲ್ಲಿ ಎರಡು ಮೂರು ತಲೆಮಾರಿನಿಂದ ರೂಢಿಯಾಗಿದೆ. ಧೊಲೇರಾಕ್ಕೆ ಚಿಪ್ ಯಂತ್ರ ಬಲ್ಲವರು ತೈವಾನ್‌ನಿಂದ ಬರಬಹುದು. ಅನಿಲ ಅಂಗಳ ನಡೆಸಲು ಅಷ್ಟು ದೂರ ಹೋಗಬೇಕಿಲ್ಲ. ಆದರೆ ತೈಲಾಗಾರದವರಿಗೂ ಕಲಿಯುವುದು ಉಳಿದಿರುತ್ತದೆ. ಅಲ್ಲಿ ಅಶುದ್ಧಿಯನ್ನು ಹತ್ತು ಲಕ್ಷಕ್ಕೆ ಇಷ್ಟು ಭಾಗ ಎಂದು ಎಣಿಸಿದರೆ ಸಾಕಾಗುತ್ತಿತ್ತು, ಇಲ್ಲಿ ಅದು ನೂರು ಕೋಟಿಗೆ ಇಷ್ಟು ಭಾಗ ಎಂಬ ಲೆಕ್ಕಕ್ಕೆ ಇಳಿಯುತ್ತದೆ.

ಸಾಣಂದ್‌ನ ಕೆಲಸದ ಬಗೆ ತಿಳಿಯಲು ತಂತಿ ಜೋಡಣೆಯೊಂದನ್ನು ನೋಡಿದರೆ ಸಾಕು. ವಜ್ರದ ಪುಡಿ ಕೂರಿಸಿದ ತೆಳು ಅಲಗಿನಿಂದ ಬಿಲ್ಲೆಯನ್ನು ಚಿಪ್‌ಗಳಾಗಿ ಕತ್ತರಿಸಿದ ಮೇಲೆ, ಕೂದಲಿಗಿಂತ ಸಣ್ಣ ಚಿನ್ನದ ಅಥವಾ ತಾಮ್ರದ ಎಳೆಗಳನ್ನು ಯಂತ್ರವು ಚಿಪ್‌ನ ಅಂಚಿನಿಂದ ಹೊರಗಿನ ಕಾಲುಗಳಿಗೆ ಬೆಸೆಯುತ್ತದೆ, ಸೆಕೆಂಡಿಗೆ ಹಲವು. ಆಪರೇಟರ್ ಆ ಯಂತ್ರವನ್ನು ಸಜ್ಜುಮಾಡಿ, ಸೂಕ್ಷ್ಮದರ್ಶಕದಲ್ಲಿ ಮಾದರಿ ನೋಡಿ, ಎಳೆ ಎಳೆದು ಬಲ ಅಳೆದು, ತಪ್ಪಿದ್ದರೆ ಸಾಲು ನಿಲ್ಲಿಸಬೇಕು. ಕಣ್ಣು ಚುರುಕಾಗಿರಬೇಕು, ದಾಖಲೆ ಬರೆಯುವುದರಲ್ಲಿ ಬೇಸರ ಬರಬಾರದು. ಕಾರಿಗೆ ಹೋಗುವ ಚಿಪ್ ಹತ್ತು ವರ್ಷದ ಮೇಲೆ ಕೆಟ್ಟರೂ ಅದು ಯಾವ ದಿನ, ಯಾವ ಯಂತ್ರದಲ್ಲಿ ತಯಾರಾಯಿತೆಂದು ಹುಡುಕಿ ತೆಗೆಯಲು ಬರಬೇಕು. ಮುಂದಿನ ಹೆಜ್ಜೆ ಪರೀಕ್ಷೆ. ಅಲ್ಲಿ ಎಲೆಕ್ಟ್ರಾನಿಕ್ಸ್ ಓದಿದವರಿಗೆ ಮೊದಲ ಮಣೆ. ಸಿಜಿ ಪವರ್‌ನ ಪ್ರಾಯೋಗಿಕ ಸಾಲು 2025ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು.

ಓದಿನ ದಾರಿಗಳೂ ತೆರೆದಿವೆ. ಎಐಸಿಟಿಇ 2023ರಲ್ಲಿ ಚಿಪ್ ತಯಾರಿಕೆಗೆಂದೇ ಡಿಪ್ಲೊಮಾವನ್ನೂ ವಿಎಲ್‌ಎಸ್‌ಐ ಹೆಸರಿನ ಬಿ.ಟೆಕ್ ಪದವಿಯನ್ನೂ ಪಠ್ಯಕ್ರಮ ಸಮೇತ ತಂದಿತು. ಕರ್ನಾಟಕದ ವಿದ್ಯಾರ್ಥಿಗಳಿಗೆ ಮನೆಯಂಗಳದಲ್ಲೇ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರ. ಹೊರಗಿನ ಕಾಲೇಜಿನವರಿಗೂ ಕ್ಲೀನ್‌ರೂಮಿನಲ್ಲಿ ಕೈಯಾರೆ ಕೆಲಸ ಮಾಡಿಸುವ ತರಬೇತಿ ಅಲ್ಲಿ ನಡೆಯುತ್ತ ಬಂದಿದೆ. ಲ್ಯಾಮ್ ರಿಸರ್ಚ್ ಕಂಪನಿ ಅದೇ ಸಂಸ್ಥೆಯ ಜೊತೆಗೂಡಿ, ಕಂಪ್ಯೂಟರಿನೊಳಗೇ ಫ್ಯಾಬ್ ಕಟ್ಟಿ ಕಲಿಸುವ ಯೋಜನೆ ಹೂಡಿದೆ. ಹತ್ತು ವರ್ಷದಲ್ಲಿ 60,000 ಎಂಜಿನಿಯರುಗಳು ಅದರ ಗುರಿ. ಕಂಪ್ಯೂಟರ್ ಫ್ಯಾಬ್ ಪಾಠಕ್ಕೆ ಸರಿ, ಆಮ್ಲದ ವಾಸನೆ ಅದರಲ್ಲಿ ಬರುವುದಿಲ್ಲ.

ಅನುಭವಸ್ಥರು ದೇಶದಲ್ಲಿ ವಿರಳವಾಗಿರುವುದಕ್ಕೆ ಹಳೆಯ ಕಾರಣವಿದೆ. ಮೊಹಾಲಿಯ ಸರ್ಕಾರಿ ಚಿಪ್ ಕಾರ್ಖಾನೆ 1984ರಲ್ಲಿ ಉತ್ಪಾದನೆ ಶುರುಮಾಡಿ, 1989ರಲ್ಲಿ ಬೆಂಕಿಗೆ ತುತ್ತಾಯಿತು. ಅದು ಚೇತರಿಸಿಕೊಳ್ಳುವಷ್ಟರಲ್ಲಿ ಜಗತ್ತು ಬಹಳ ಮುಂದೆ ಹೋಗಿತ್ತು. ಹೀಗಾಗಿ ಈಗ ಮೊದಲ ತಂಡಗಳಿಗೆ ಸೇರುವವರಿಗೆ ಪೈಪೋಟಿ ಕೊಡುವ ಹಿರಿಯರು ಕಡಿಮೆ, ಬಡ್ತಿಯ ಮೆಟ್ಟಿಲು ಖಾಲಿ.

ಹಾಗೆಂದು ಐಟಿ ಉದ್ಯಮದಂತೆ ಲಕ್ಷಗಟ್ಟಲೆ ಹುದ್ದೆ ಸುರಿಯುತ್ತವೆ ಎಂದು ನಂಬುವುದು ತಪ್ಪು. ಮೈಕ್ರಾನ್ ಘಟಕದಿಂದ ಹೇಳಲಾದ ನೇರ ಉದ್ಯೋಗ 5,000. ವೆಚ್ಚವನ್ನು ಅದಕ್ಕೆ ಹಂಚಿದರೆ ಒಂದು ನೇರ ಹುದ್ದೆಗೆ ನಾಲ್ಕೂವರೆ ಕೋಟಿ ರೂಪಾಯಿ. ಅದರಲ್ಲಿ ಕೇಂದ್ರದ ಅರ್ಧ, ರಾಜ್ಯದ ಶೇ. 20 ಸೇರಿ ನೂರಕ್ಕೆ ಎಪ್ಪತ್ತು ಭಾಗ ಸರ್ಕಾರದ ಹಣ. ಧೊಲೇರಾದ ಘಟಕಕ್ಕೆ ಹೇಳಿರುವ 20,000ದಲ್ಲಿ ಪರೋಕ್ಷ ಉದ್ಯೋಗಗಳೂ ಸೇರಿವೆ. ಸಂಖ್ಯೆ ಬೆಳೆಯುವುದಾದರೆ ಅದು ಸುತ್ತಲಿನ ಅನಿಲ, ರಾಸಾಯನಿಕ, ಬಿಡಿಭಾಗ, ಯಂತ್ರದುರಸ್ತಿ ಕಂಪನಿಗಳಲ್ಲಿ. ಚಿಪ್ ತಯಾರಿಸುವ ಯಂತ್ರಗಳ ಜಾಗತಿಕ ತಯಾರಕರಾದ ಅಪ್ಲೈಡ್ ಮೆಟೀರಿಯಲ್ಸ್ ಮತ್ತು ಲ್ಯಾಮ್ ಎರಡಕ್ಕೂ ಬೆಂಗಳೂರಿನಲ್ಲಿ ದೊಡ್ಡ ಕೇಂದ್ರಗಳಿವೆ.

ಕೆಲಸ ಒಪ್ಪಿಕೊಳ್ಳುವ ಮುನ್ನ ಅಭ್ಯರ್ಥಿಗಳು ಮೂರು ವಿಷಯ ಕೇಳಿ ತಿಳಿಯಬೇಕು: ಘಟಕ ಫ್ಯಾಬೋ ಜೋಡಣೆಯೋ, ಪಾಳಿ ಎಂಟು ಗಂಟೆಯದೋ ಹನ್ನೆರಡು ಗಂಟೆಯದೋ, ತರಬೇತಿ ಎಲ್ಲಿ, ಎಷ್ಟು ತಿಂಗಳು. ಡಿಪ್ಲೊಮಾ ಓದುತ್ತಿರುವವರು ಕೊನೆಯ ವರ್ಷದ ಪ್ರಾಜೆಕ್ಟಿಗೆ ನಿರ್ವಾತ ಪಂಪನ್ನೋ ನೀರು ಶುದ್ಧೀಕರಣ ಘಟಕವನ್ನೋ ಆರಿಸಿಕೊಂಡರೆ ಸಂದರ್ಶನದಲ್ಲಿ ಮಾತಾಡಲು ವಿಷಯವಿರುತ್ತದೆ.