ದಾಳಿಂಬೆಗೆ ಸೂಜಿ ಹಾಕುವ ಪತಂಗ

ಪತಂಗಗಳಲ್ಲಿ ಬೆಳೆ ತಿನ್ನುವುದು ಸಾಮಾನ್ಯವಾಗಿ ಮರಿ; ರೆಕ್ಕೆ ಬಂದ ಮೇಲೆ ಅದು ಸಾಧು. ಹೊಳಲ್ಕೆರೆಯ ಮೆಕ್ಕೆಜೋಳದ ಸುಳಿಗೆ ಬೀಳುವ ಸೈನಿಕ ಹುಳುವೂ ಹಾಗೆಯೇ. ಹಿರಿಯೂರು, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ತಲೆನೋವಾಗುವ ಹಣ್ಣು ಚುಚ್ಚುವ ಪತಂಗದ ಕಥೆ ಮಾತ್ರ ತಿರುವುಮುರುವು. ಇಲ್ಲಿ ಕಳ್ಳತನ ದೊಡ್ಡವರದು.

ಇವುಗಳಲ್ಲಿ ಮುಖ್ಯವಾದವು ಎರಡು: ಯೂಡೋಸಿಮಾ ಮೆಟರ್ನಾ ಮತ್ತು ಯೂಡೋಸಿಮಾ ಫಲೋನಿಯಾ. ರೆಕ್ಕೆ ಬಿಚ್ಚಿದರೆ 7ರಿಂದ 10 ಸೆಂ.ಮೀ. ಅಗಲ. ಮುಂದಿನ ಜೋಡಿ ರೆಕ್ಕೆ ಥೇಟ್ ತರಗೆಲೆ. ಹಗಲಲ್ಲಿ ಮುಚ್ಚಿ ಕೂತರೆ ಕಣ್ಣಿಗೆ ಬೀಳದು. ಹಿಂದಿನ ಜೋಡಿ ಕಿತ್ತಳೆ ಬಣ್ಣ, ಅಂಚು ಕಪ್ಪು. ಅದರ ನಡುವೆ ದುಂಡನೆಯ ಕಪ್ಪು ಬೊಟ್ಟಿದ್ದರೆ ಮೆಟರ್ನಾ, ಬಾಗಿದ ದಪ್ಪ ಮಚ್ಚೆಯಿದ್ದರೆ ಫಲೋನಿಯಾ.

ಹೂವಿನ ಮಕರಂದ ಹೀರುವ ಪತಂಗಗಳ ಹೀರುಕೊಳವೆ ಮೆತ್ತಗಿರುತ್ತದೆ. ಇವುಗಳದು ಗಟ್ಟಿ, ತುದಿ ಚೂಪು, ಮೇಲೆ ಮುಳ್ಳುಗಳು. ಕತ್ತಲಾದ ಮೇಲೆ ಬಂದು ದಾಳಿಂಬೆ ಸಿಪ್ಪೆಯನ್ನೇ ಕೊರೆದು ರಸ ಕುಡಿಯುತ್ತವೆ. ಉಳಿಯುವುದು ಸೂಜಿಮೊನೆಯಷ್ಟು ತೂತು. ಅದರ ಮೂಲಕ ಶಿಲೀಂಧ್ರ, ಬ್ಯಾಕ್ಟೀರಿಯಾ ಒಳಹೊಕ್ಕು ಸುತ್ತಲಿನ ಭಾಗ ಕೊಳೆತು ಹಣ್ಣು ಉದುರುತ್ತದೆ.

ದಾಳಿಂಬೆ ಗಿಡವನ್ನೆಲ್ಲ ಜಾಲಾಡಿದರೂ ಇದರ ಮರಿ ಸಿಗದು. ಅದು ಬೆಳೆಯುವುದು ಬೇಲಿಯ ಅಮೃತಬಳ್ಳಿ, ದಾಗಡಿಬಳ್ಳಿಗಳ ಮೇಲೆ. ಕಪ್ಪು ಮೈಯ ಪಕ್ಕದಲ್ಲಿ ಕಣ್ಣಿನಂಥ ಮಚ್ಚೆಗಳು; ಮುಟ್ಟಿದರೆ ತಲೆ ಮಡಚಿ ಆ ಸುಳ್ಳು ಕಣ್ಣುಗಳನ್ನೇ ಮುಂದೊಡ್ಡುತ್ತದೆ.

ಈ ಬಳ್ಳಿಗಳ ಕುಟುಂಬ ಉಷ್ಣವಲಯದಲ್ಲೆಲ್ಲ ಹರಡಿದೆ, ಪತಂಗಕ್ಕೂ ಬಲವಾದ ಹಾರಾಟವಿದೆ. ಹೀಗಾಗಿ ಫಲೋನಿಯಾ ಆಫ್ರಿಕಾದಿಂದ ಭಾರತ, ಆಸ್ಟ್ರೇಲಿಯಾ ದಾಟಿ ಪೆಸಿಫಿಕ್ ದ್ವೀಪಗಳವರೆಗೂ ಇದೆ; 1980ರ ದಶಕದಲ್ಲಿ ಹವಾಯಿಗೂ ತಲುಪಿತು. ಪೆಸಿಫಿಕ್ ದ್ವೀಪಗಳಲ್ಲಿ ಅದರ ಮರಿಗಳು ಹಾಲವಾಣದ ಎಲೆಗೂ ಒಗ್ಗಿಕೊಂಡಿವೆ.

ತೋಟಕ್ಕೆ ಔಷಧಿ ಹೊಡೆದರೆ ಪ್ರಯೋಜನ ಅಷ್ಟಕ್ಕಷ್ಟೆ. ಮರಿ ಅಲ್ಲಿಲ್ಲ, ಪತಂಗ ಸಿಪ್ಪೆಯನ್ನು ತಿನ್ನದೆ ಒಳಗಿನ ರಸವನ್ನಷ್ಟೇ ಹೀರುತ್ತದೆ, ದಿನವೂ ಹೊರಗಿನಿಂದ ಹೊಸವು ಬರುತ್ತಿರುತ್ತವೆ. ಬೇಲಿಯ ಬಳ್ಳಿ ಕಿತ್ತರೆ ಕೊಂಚ ಅನುಕೂಲ. ಆದರೆ ಸುತ್ತಲ ಕುರುಚಲು ಗುಡ್ಡಗಳ ಬಳ್ಳಿಯನ್ನೆಲ್ಲ ಕೀಳಲಾಗದು, ಕೀಳಲೂಬಾರದು. ರಾತ್ರಿ ಟಾರ್ಚ್ ಹಿಡಿದು ಪತಂಗ ಹಿಡಿಯುವುದು, ಹಣ್ಣು ಬಣ್ಣಕ್ಕೆ ತಿರುಗುವ ಮೊದಲೇ ಚೀಲ ಕಟ್ಟುವುದು ಇದಕ್ಕಿಂತ ಮೇಲು. ಕೂಲಿ ಖರ್ಚು ಬೀಳುತ್ತದೆ ನಿಜ. ಆದರೆ ಚೀಲದೊಳಗಿನ ಹಣ್ಣಿಗೆ ವಿಷ ಸೋಕುವುದಿಲ್ಲ, ಬೇಲಿಯ ಅಮೃತಬಳ್ಳಿಯೂ ಮನೆಯ ಕಷಾಯಕ್ಕೆ ಉಳಿಯುತ್ತದೆ.