ಕೋಟೆ, ಗುಡಿ, ವೀರಗಲ್ಲು: ಅಧಿಕಾರದ ಕಥೆಯನ್ನು ಓದುವ ಬಗೆ

ಕಳೆದ ದಸರಾ ರಜೆಯಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ನನ್ನ ಮನೆಗೆ ಬಂದಿದ್ದ. ಇತಿಹಾಸದಲ್ಲಿ ಎಂ.ಎ. ಮುಗಿಸಿ ಈಗ ಸಂಶೋಧನೆಗೆ ತೊಡಗಿದ್ದಾನೆ. "ಯಾವ ವಿಷಯವಪ್ಪಾ?" ಎಂದು ಕೇಳಿದೆ. "ನಮ್ಮ ಸೀಮೆಯಲ್ಲಿ ರಾಜಾಧಿಕಾರ, ಸೈನ್ಯಬಲ, ಧರ್ಮದ ಬಲ ಈ ಮೂರೂ ಒಂದಕ್ಕೊಂದು ಹೇಗೆ ಹೆಣೆದುಕೊಂಡಿದ್ದವು ಎಂಬುದು, ಸಾರ್" ಎಂದ. ಆಮೇಲೆ ಸ್ವಲ್ಪ ಸಂಕೋಚದಿಂದಲೇ ಹೇಳಿದ: "ಒಂಬತ್ತನೇ ತರಗತಿಯಲ್ಲಿ ನಮ್ಮನ್ನು ರಾಯದುರ್ಗದ ಬೆಟ್ಟ ಹತ್ತಿಸಿದಾಗ ನೀವು, ಪಾಳೆಯಗಾರರೆಂದರೆ ಊರು ಸುಲಿಯುವ ದಂಗೆಕೋರರು ಎಂದಿರಿ. ನಮ್ಮ ತಾತ, ನಾವು ಕೋಟೆ ಕಾದವರ ವಂಶ ಎನ್ನುತ್ತಿದ್ದರು. ಅಂದು ನಾನು ಸುಮ್ಮನಿದ್ದೆ. ಆ ಮಾತನ್ನು ಮೊದಲು ಬರೆದವರು ಯಾರು ಎಂದು ಹುಡುಕುತ್ತಾ ಹೋಗಿ ಇಲ್ಲಿಗೆ ಬಂದು ನಿಂತಿದ್ದೇನೆ."

ನನಗೆ ನಾಚಿಕೆಯಾಯಿತು. ಪುಸ್ತಕದಲ್ಲಿ ಓದಿದ್ದನ್ನು ಹಾಗೆಯೇ ಮಕ್ಕಳ ತಲೆಗೆ ತುಂಬಿದ್ದೆ. ಆ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ವಿದ್ಯಾರ್ಥಿಗಳೂ ಅವರ ತಂದೆತಾಯಿಗಳೂ ಇದನ್ನು ಓದಬೇಕೆಂದು ನನ್ನ ಬಯಕೆ.

ಅಧಿಕಾರ ಎಂದರೇನು? ಒಬ್ಬನ ಮಾತನ್ನು ಹತ್ತು ಜನ ಕೇಳುವಂತಿದ್ದರೆ ಅವನಿಗೆ ಅಧಿಕಾರವಿದೆ ಎನ್ನುತ್ತೇವೆ. ಜನ ಏಕೆ ಕೇಳುತ್ತಾರೆ? ತೆರಿಗೆ ಎತ್ತುವ, ನ್ಯಾಯ ಹೇಳುವ ಹಕ್ಕು ಅವನಿಗಿದೆ ಎಂದು ಒಪ್ಪಿ ಕೇಳಬಹುದು. ಇದು ರಾಜಕೀಯ ಶಕ್ತಿ. ಅವನ ಕೈಯಲ್ಲಿ ಕತ್ತಿಯಿದೆ ಎಂದು ಹೆದರಿ ಕೇಳಬಹುದು; ಇದು ಸೈನಿಕ ಶಕ್ತಿ. ದೇವರು, ಗುರುಗಳು ಅವನನ್ನು ಹರಸಿದ್ದಾರೆ ಎಂದು ನಂಬಿ ಕೇಳಬಹುದು. ಇದು ಧಾರ್ಮಿಕ ಶಕ್ತಿ. ಒಲೆಗೆ ಮೂರು ಗುಂಡು ಇದ್ದಂತೆ ರಾಜ್ಯಕ್ಕೆ ಇವು ಮೂರು. ಒಂದು ಜಾರಿದರೆ ಮಡಕೆ ಉರುಳುತ್ತದೆ. ಇದನ್ನು ತಿಳಿಯಲು ದೆಹಲಿಗೋ ರೋಮಿಗೋ ಹೋಗಬೇಕಾಗಿಲ್ಲ. ನಮ್ಮ ಸೀಮೆಯಲ್ಲೇ ಸಾಕ್ಷಿಗಳಿವೆ.

ಮೊದಲು ಮಡಕಶಿರಾ ಕಡೆಯ ಹೇಮಾವತಿಗೆ ಹೋಗೋಣ. ಇಂದು ಸಣ್ಣ ಹಳ್ಳಿಯಂತೆ ಕಾಣುವ ಈ ಊರು ಒಂದು ಕಾಲದಲ್ಲಿ ಹೆಂಜೇರು ಎಂಬ ರಾಜಧಾನಿ. ನೊಳಂಬವಾಡಿ ಮೂವತ್ತೆರಡು ಸಾವಿರ ಎಂದು ಹೆಸರಾಗಿದ್ದ ನಾಡನ್ನು ಆಳಿದ ನೊಳಂಬ ಅರಸರು ಇಲ್ಲಿದ್ದರು. ಅವರ ಶಾಸನಗಳ ಭಾಷೆ ಮುಖ್ಯವಾಗಿ ಕನ್ನಡ. ಅವರು ಕಟ್ಟಿಸಿದ ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳನ್ನು ಇಂದಿಗೂ ನೋಡಬಹುದು. ಅರಸನು ಗುಡಿ ಕಟ್ಟಿಸುತ್ತಿದ್ದುದು ಭಕ್ತಿಯಿಂದ ಮಾತ್ರವಲ್ಲ. ಗುಡಿಗೆ ಭೂಮಿ ಬಿಟ್ಟರೆ ಆ ಭೂಮಿಯನ್ನು ಉಳುವವರು, ನೀರು ಕಟ್ಟುವವರು, ಲೆಕ್ಕ ಬರೆಯುವವರು, ಪೂಜೆ ಮಾಡುವವರು ಎಲ್ಲರೂ ಒಂದು ಏರ್ಪಾಡಿಗೆ ಒಳಪಡುತ್ತಿದ್ದರು. ದಾನ ಕೊಟ್ಟ ಅರಸನ ಹೆಸರು ಕಲ್ಲಿನಲ್ಲಿ ನಿಲ್ಲುತ್ತಿತ್ತು. ಅಪ್ಪಣೆಗೆ ಪುಣ್ಯದ ಬಲವೂ ಸೇರುತ್ತಿತ್ತು.

ಈ ಗುಡಿಗಳ ಕಂಬಗಳ ನುಣುಪು, ಕೆತ್ತನೆ ನೋಡಿದವರು ಮರೆಯಲಾರರು. ಇಂಥದೇ ನೊಳಂಬ ಶೈಲಿಯ ಕಂಬಗಳು ದೂರದ ತಂಜಾವೂರು ಜಿಲ್ಲೆಯ ತಿರುವೈಯಾರಿನ ದೇವಾಲಯದಲ್ಲಿವೆ! ನೊಳಂಬವಾಡಿಯನ್ನು ಗೆದ್ದ ಚೋಳರು ಗೆಲುವಿನ ಗುರುತಾಗಿ ಇವನ್ನು ಸಾಗಿಸಿದರು ಎಂದು ವಿದ್ವಾಂಸರು ಹೇಳುತ್ತಾರೆ. ಚಿನ್ನ, ಆನೆ, ಕುದುರೆ ಒಯ್ಯುವುದು ಸರಿ, ಕಲ್ಲುಕಂಬವನ್ನೇಕೆ ಒಯ್ಯಬೇಕು? ಸೋತವನ ದೇವರ ಮನೆಯ ಕಂಬ ಗೆದ್ದವನ ದೇವರ ಮನೆಯಲ್ಲಿ ನಿಂತರೆ, ಶಕ್ತಿ ಯಾರ ಕಡೆಗಿದೆ ಎಂದು ಡಂಗುರ ಹೊಡೆಸಬೇಕಾಗಿಲ್ಲ. ಕತ್ತಿಯ ಗೆಲುವನ್ನು ಗುಡಿಯೇ ಸಾರುತ್ತದೆ.

ಇನ್ನೊಂದು ಉದಾಹರಣೆ. 10ನೆಯ ಶತಮಾನದ ಗಂಗರ ಅರಸು ಮಾರಸಿಂಹನಿಗೆ 'ನೊಳಂಬಕುಲಾಂತಕ' ಎಂಬ ಬಿರುದಿತ್ತು. ನೊಳಂಬರ ವಂಶವನ್ನೇ ಮುಗಿಸಿದವನು ಎಂದು ಇದರ ಅರ್ಥ. ಆದರೆ ಮುಂದೆ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ನೊಳಂಬರು ಮತ್ತೆ ಕಾಣಿಸಿಕೊಳ್ಳುತ್ತಾರೆ. ಹಾಗಾದರೆ ಬಿರುದು ಸುಳ್ಳೇ? ಪೂರ್ತಿ ಸುಳ್ಳಲ್ಲ, ಗೆದ್ದದ್ದು ನಿಜ. ಆದರೆ ಬಿರುದು ಗೆದ್ದವನ ಕಡೆಯವರ ಮಾತು. ಒಂದು ಶಾಸನವನ್ನು ಇನ್ನೊಂದರ ಜೊತೆಗಿಟ್ಟು ನೋಡಬೇಕೆಂಬ ಪಾಠ ಇಲ್ಲಿದೆ. ಇದೇ ಮಾರಸಿಂಹ ಕೊನೆಗೆ ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಯುದ್ಧದಲ್ಲಿ ಕೀರ್ತಿ ಗಳಿಸಿದ ಅರಸನೂ ಗುರುವಿನ ಪಾದಕ್ಕೆ ತಲೆಬಾಗಿದ.

ಇನ್ನು ಸೈನಿಕನ ಮಾತು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಬೇಗೂರಿನ ಪ್ರಸಿದ್ಧ ವೀರಗಲ್ಲಿದೆ. ಗಂಗ ಎರೆಯಪ್ಪನ ಕಡೆಯಿಂದ ತುಂಬೆಪಾಡಿ ಎಂಬಲ್ಲಿ ವೀರಮಹೇಂದ್ರನ ಸೈನ್ಯದ ಮೇಲೆ ಹೋರಾಡಿ ಮಡಿದ ನಾಗತ್ತರ ಎಂಬವನ ಕಥೆ ಅದರಲ್ಲಿದೆ. ಅವನು ಸತ್ತ ಮೇಲೆ ಅರಸನು ನಾಗತ್ತರನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು ಕೊಟ್ಟ. ಪ್ರಾಣ ಕೊಟ್ಟವನ ಪಟ್ಟ ಬರಿದಾಗಿ ಉಳಿಯಲಿಲ್ಲ. ಅದರ ಜೊತೆಗೆ ಊರುಗಳೂ ಬಂದವು. ಸೈನ್ಯಕ್ಕೂ ಭೂಮಿಗೂ ಇರುವ ಗಂಟು ಇದೇ. ನಮ್ಮ ಹಳ್ಳಿಗಳ ಹೊಲದ ಬದುಗಳಲ್ಲಿ ನಿಂತಿರುವ ವೀರಗಲ್ಲುಗಳು ಸಹ ಇಂಥ ಕಥೆಗಳನ್ನೇ ಹೊತ್ತಿವೆ.

ಧರ್ಮಗಳು ತಮ್ಮತಮ್ಮಲ್ಲೇ ಜಗಳವಾಡಿದಾಗ ಅರಸನು ಏನು ಮಾಡುತ್ತಿದ್ದ? 1368ರ ಶ್ರವಣಬೆಳಗೊಳದ ಶಾಸನ ಇದಕ್ಕೆ ಉತ್ತರ ಕೊಡುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ ಜೈನರು ವಿಜಯನಗರದ ಬುಕ್ಕರಾಯನಲ್ಲಿಗೆ ದೂರು ತಂದರು. ದೂರು ತಂದ ಊರುಗಳ ಸಾಲಿನಲ್ಲಿ ನಮ್ಮ ಪೆನುಗೊಂಡೆಯ ಹೆಸರೂ ಇದೆ! ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು ಇಬ್ಬರಿಗೂ ಭೇದವಿಲ್ಲವೆಂದು ಸಾರಿದ. ಜೈನರ ಮನೆಮನೆಯಿಂದ ಬಂದ ಹಣದಲ್ಲಿ ಬೆಳಗೊಳದ ದೇವರ ಕಾವಲಿಗೆ 20 ಮಂದಿಯನ್ನು ಇಟ್ಟು, ಉಳಿದದ್ದರಲ್ಲಿ ಹಾಳಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂದು ಏರ್ಪಾಡಾಯಿತು. ಈ ಏರ್ಪಾಡು ವೈಷ್ಣವ ಮುಖಂಡ ತಾತಯ್ಯನ ಕೈಯಲ್ಲಿತ್ತು ಎಂಬುದು ಗಮನಿಸತಕ್ಕ ಮಾತು. ಅರಸನ ತೀರ್ಪು, ಕಾವಲಿನ ಭಟರು, ಧರ್ಮದ ಹಿರಿಯರು: ಮೂರು ಶಕ್ತಿಗಳೂ ಒಂದೇ ಕಲ್ಲಿನಲ್ಲಿವೆ.

ಈಗ ರಾಯದುರ್ಗದ ಬೆಟ್ಟಕ್ಕೆ ಹಿಂದಿರುಗೋಣ. 1565ರ ಯುದ್ಧದ ತರುವಾಯ ವಿಜಯನಗರದ ರಾಜಧಾನಿ ಪೆನುಗೊಂಡೆಗೆ ಬಂತು. ದೊಡ್ಡ ಅರಸನ ಹಿಡಿತ ಸಡಿಲವಾದಂತೆ, ಸೈನ್ಯ ಒದಗಿಸುವ ಕರಾರಿನ ಮೇಲೆ ಭೂಮಿ ಪಡೆದಿದ್ದ ನಾಯಕರು ತಮ್ಮತಮ್ಮ ದುರ್ಗಗಳಲ್ಲಿ ಬಲಿತರು. ಇವರೇ ಪಾಳೆಯಗಾರರು. ಪಾಳೆಯ ಎಂದರೆ ದಂಡಿನ ಬಿಡಾರ. ಮುಂದೆ ಹೈದರ್, ಟಿಪ್ಪು ಇವರ ಕಾಲದಲ್ಲಿ ಈ ಸೀಮೆ ಮೈಸೂರಿಗೆ ಸೇರಿತು. 1792 ಮತ್ತು 1799ರ ಯುದ್ಧಗಳ ಬಳಿಕ ನಿಜಾಮನ ಪಾಲಿಗೆ ಬಂತು. 1800ರಲ್ಲಿ ನಿಜಾಮನು ತನ್ನಲ್ಲಿ ಇರಿಸಿಕೊಂಡ ಇಂಗ್ಲಿಷರ ಸೈನ್ಯದ ಖರ್ಚಿಗಾಗಿ ಇದನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ದತ್ತಮಂಡಲ ಎಂಬ ಹೆಸರು. ಇಡೀ ಸೀಮೆ ಕೈಬದಲಾದದ್ದು ಸೈನ್ಯದ ಸಂಬಳದ ಲೆಕ್ಕಕ್ಕೆ!

1800ರಿಂದ 1807ರವರೆಗೆ ಇಲ್ಲಿ ಮುಖ್ಯ ಕಲೆಕ್ಟರಾಗಿದ್ದವರು ಥಾಮಸ್ ಮನ್ರೋ. ದತ್ತಮಂಡಲದಲ್ಲಿ ಆಗ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಮನ್ರೋ ಅವರ ಕೈಯಿಂದ ಆಯುಧವನ್ನೂ ಕಾವಲಿನ ಅಧಿಕಾರವನ್ನೂ ಕಿತ್ತುಕೊಂಡು, ರೈತರಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಯನ್ನು ಬಲಪಡಿಸಿದರು. ಪಾಳೆಯಗಾರರು ದಂಗೆಕೋರರು ಎಂಬ ಮಾತು ಬೆಳೆದದ್ದು ಕಂಪನಿಯ ಇಂಥ ಅಧಿಕಾರಿಗಳ ಬರಹಗಳಿಂದ. ಕಂದಾಯ ಎತ್ತಬೇಕಾದವನಿಗೆ ಕಂದಾಯ ಕೊಡದವನು ದಂಗೆಕೋರನಾಗಿಯೇ ಕಾಣುತ್ತಾನೆ. ಹಾಗೆಂದು ಪಾಳೆಯಗಾರರೆಲ್ಲ ಸತ್ಯಸಂಧರೆಂದೂ ಹೇಳಲಾಗದು. ರೈತರನ್ನು ಹಿಂಡಿದವರು ಅವರಲ್ಲಿದ್ದರು. ಕೆರೆ ಕಟ್ಟಿಸಿದವರೂ ಇದ್ದರು. ಎರಡನ್ನೂ ತೂಗಿ ನೋಡುವುದೇ ಸಂಶೋಧಕನ ಕೆಲಸ.

ನಮ್ಮ ಹಳೆಯ ವಿದ್ಯಾರ್ಥಿ ಮಾಡುತ್ತಿರುವುದು ಇದನ್ನೇ. ಬರೆದವರು ಯಾರು? ಯಾವಾಗ ಬರೆದರು? ಯಾರು ಓದಲೆಂದು ಬರೆದರು? ಆ ಬರಹದಿಂದ ಯಾರಿಗೆ ಲಾಭ? ಈ ನಾಲ್ಕು ಪ್ರಶ್ನೆ ಕೇಳದೆ ಅವನು ಯಾವ ಕಾಗದವನ್ನೂ ನಂಬುವುದಿಲ್ಲ. ಮನ್ರೋ ಬರಹಗಳಿಗೆ ಇಂಗ್ಲಿಷ್ ಬೇಕು. ಕರ್ನಲ್ ಮೆಕೆಂಜಿ ಊರೂರಿನಿಂದ ಸಂಗ್ರಹಿಸಿದ ಕೈಫಿಯತ್ತುಗಳಿಗೆ ತೆಲುಗೂ ಕನ್ನಡವೂ ಬೇಕು. ಹೇಮಾವತಿಯ ಶಾಸನಕ್ಕೆ ಹಳಗನ್ನಡವೇ ಬೇಕು. "ನಮ್ಮ ತಂಡದಲ್ಲಿ ಹಳಗನ್ನಡದ ಸಾಲು ಬಂದರೆ ನನ್ನನ್ನೇ ಕರೆಯುತ್ತಾರೆ, ಸಾರ್" ಎಂದು ಅವನು ಹೇಳಿದಾಗ ನನ್ನ ಎದೆ ತುಂಬಿ ಬಂತು.

ತಂದೆತಾಯಿಗಳು ಶಾಲೆಗೆ ಬಂದಾಗಲೆಲ್ಲ ನನ್ನನ್ನು ಕೇಳುತ್ತಾರೆ: "ಮೇಷ್ಟ್ರೇ, ಆಂಧ್ರದಲ್ಲಿದ್ದುಕೊಂಡು ಕನ್ನಡ ಓದಿದರೆ ಮಕ್ಕಳಿಗೆ ಏನು ಸಿಗುತ್ತದೆ?" ನ್ಯಾಯವಾದ ಪ್ರಶ್ನೆ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ರಾಯದುರ್ಗ ಅನಂತಪುರಕ್ಕೆ ಸೇರಿತು. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿಗಳನ್ನು ಗೆರೆ ಎಳೆಯುವುದೂ ಅಧಿಕಾರದ ಕೆಲಸವೇ. ಆದರೆ ಗೆರೆ ಸರಿದಾಗ ಕಲ್ಲುಗಳು ತಮ್ಮ ಭಾಷೆ ಬದಲಿಸಲಿಲ್ಲ. ತೆಲುಗನ್ನೂ ಇಂಗ್ಲಿಷನ್ನೂ ಚೆನ್ನಾಗಿ ಕಲಿಸೋಣ. ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ನೆಲದ ಕಲ್ಲುಗಳನ್ನು ಈ ನೆಲದ ಮಕ್ಕಳೇ ಓದಲಾರದೆ ಹೋದರೆ, ನಮ್ಮ ಹಿರಿಯರು ಏನಾಗಿದ್ದರೆಂದು ಮತ್ತೆ ಬೇರೆಯವರೇ ಬರೆಯುತ್ತಾರೆ. ನಾನು ಮಾಡಿದಂತೆ ಇನ್ನೊಬ್ಬ ಮೇಷ್ಟ್ರು ಅದನ್ನೇ ಪಾಠ ಹೇಳುತ್ತಾನೆ.

ವಿದ್ಯಾರ್ಥಿಗಳೇ, ನಿಮ್ಮೂರಿನಲ್ಲಿ ಅಕ್ಷರವಿರುವ ಕಲ್ಲು ಬಟ್ಟೆ ಒಗೆಯುವ ಕಲ್ಲಾಗದಂತೆ, ಮೋರಿಯ ಚಪ್ಪಡಿಯಾಗದಂತೆ ನೋಡಿಕೊಳ್ಳಿ. ಅದಕ್ಕೆ ಬಣ್ಣ ಬಳಿಯಬೇಡಿ. ಎಲ್ಲಿದೆ, ಯಾವ ದಿಕ್ಕಿಗಿದೆ ಎಂದು ನೋಟ್‌ಪುಸ್ತಕದಲ್ಲಿ ಬರೆದು ಶಾಲೆಗೆ ತನ್ನಿ. ತಾತ ಅಜ್ಜಿಯರು ಹೇಳುವ ಕಥೆಯನ್ನೂ ಪಕ್ಕದಲ್ಲೇ ಬರೆಯಿರಿ. ಮತ್ತು ತರಗತಿಯಲ್ಲಿ ಮೇಷ್ಟ್ರು ಹೇಳಿದ್ದು ಸರಿಕಾಣದಿದ್ದರೆ ಸುಮ್ಮನೆ ತಲೆ ತಗ್ಗಿಸಬೇಡಿ. ಎದ್ದು ನಿಂತು, "ಸಾರ್, ಇದನ್ನು ಬರೆದವರು ಯಾರು?" ಎಂದು ಕೇಳಿ. ಈ ವರ್ಷ ಬೆಟ್ಟ ಹತ್ತುವಾಗ ಆ ಪ್ರಶ್ನೆಗಾಗಿ ನಾನು ಕಾದಿರುತ್ತೇನೆ.